ಅಜ್ಜನ ತೂಕ ಯಾವ ಕಾಲಿನ ಮೇಲಿದೆ?

ಹೊಸ ವರ್ಷದ ಹುಡುಗರು ಕಲಾಶಾಲೆಗೆ ಬರುವಾಗ ಪ್ರತಿಯೊಬ್ಬರ ಬಗಲಲ್ಲೂ ಒಂದು ಸುರುಳಿ ಇರುತ್ತದೆ. ಬಿಚ್ಚಿದರೆ ಅದರೊಳಗೆ ಅಪ್ಪು ನಗುತ್ತಿರುತ್ತಾರೆ. 2021ರ ಆಚೆಗಂತೂ ಇದು ತಪ್ಪಿದ್ದಿಲ್ಲ. ಅದಕ್ಕೂ ಹಿಂದೆ ಶಂಕರನಾಗ್ ಇರುತ್ತಿದ್ದರು, ವಿಷ್ಣುವರ್ಧನ್ ಇರುತ್ತಿದ್ದರು, ಒಮ್ಮೊಮ್ಮೆ ಬೇಂದ್ರೆ ಅಜ್ಜ. ಫೋಟೊದ ಮೇಲೆ ಚೌಕ ಹಾಕಿ, ಹಾಳೆಯ ಮೇಲೂ ಚೌಕ ಹಾಕಿ, ಒಂದೊಂದೇ ಮನೆ ತುಂಬಿಸಿ, ಬೆರಳಿನಿಂದ ತಿಕ್ಕಿ ನೆರಳು ಕೊಟ್ಟ ಚಿತ್ರ. ಊರಿನವರೆಲ್ಲ ಭೇಷ್ ಎಂದಿರುತ್ತಾರೆ. ನಾನೂ ಭೇಷ್ ಎನ್ನುತ್ತೇನೆ, ಕೈ ಪಳಗಿರುವುದು ಸುಳ್ಳಲ್ಲವಲ್ಲ. ಆಮೇಲೆ ಪಕ್ಕದ ಹುಡುಗನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ, "ಈಗ ಇವನ್ನ ತೆಗಿ ನೋಡೂಣು" ಎನ್ನುತ್ತೇನೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹಾಳೆಯ ತುಂಬ ರಬ್ಬರಿನ ಪುಡಿ, ನಡುವೆ ಒಂದು ಗೊಂಬೆ.

ಹುಬ್ಬಳ್ಳಿ–ಧಾರವಾಡದ ಕಡೆ 26 ವರ್ಷ ಲೈಫ್ ಸ್ಟಡಿ, ಅಂದರೆ ಎದುರಿಗಿರುವ ಮನುಷ್ಯನನ್ನು ನೋಡಿ ತೆಗೆಯುವುದನ್ನು, ಕಲಿಸಿದ್ದೇನೆ. ಫೋಟೊದಿಂದ ಸೊಗಸಾಗಿ ತೆಗೆಯುವ ಕೈ ಎದುರು ಕೂತ ಮನುಷ್ಯನ ಮುಂದೆ ಯಾಕೆ ನಡುಗುತ್ತದೆ ಎಂಬ ಒಂದೇ ಪ್ರಶ್ನೆಯ ಸುತ್ತ ಆ ವರ್ಷಗಳೆಲ್ಲ ಹೋದವು. ಕಲಿಸುತ್ತ ನಾನು ಕಲಿತದ್ದರಲ್ಲಿ ನೆನಪಿಗೆ ಬಂದಷ್ಟನ್ನು ಇಲ್ಲಿ ಬರೆದಿದ್ದೇನೆ. ಕೆಲವನ್ನು ತಡವಾಗಿ ಕಲಿತೆ, ಒಂದನ್ನು ತಪ್ಪು ಮಾಡಿ ಕಲಿತೆ.

1. ಗೊತ್ತಿರುವುದೇ ಅಡ್ಡ ಬರುತ್ತದೆ

ಕಣ್ಣು ಎಂದರೆ ಮೀನು, ಮೂಗು ಎಂದರೆ ಕುಡುಗೋಲು, ತುಟಿ ಎಂದರೆ ಹಾರುವ ಹಕ್ಕಿ. ಪ್ರಾಥಮಿಕ ಶಾಲೆಯಿಂದ ನಾವೆಲ್ಲ ಹೊತ್ತು ತಂದ ಗಂಟು ಇದು. ಎದುರಿಗೆ ಯಾರೇ ಕೂತಿರಲಿ, ಹುಡುಗ ಅವರ ಮುಖವನ್ನು ಒಂದು ಕ್ಷಣ ನೋಡಿ 'ಕಣ್ಣು' ಎಂದುಕೊಳ್ಳುತ್ತಾನೆ. ಆಮೇಲೆ ತಲೆ ಬಗ್ಗಿಸಿ ಗಂಟಿನೊಳಗಿನ ಮೀನನ್ನು ತೆಗೆದು ಹಾಳೆಯ ಮೇಲೆ ಇಡುತ್ತಾನೆ. ಮೊದಲ ವಾರ ನಾನು ಅವರ ಬೆನ್ನ ಹಿಂದೆ ಕೂತು ಎಣಿಸುತ್ತೇನೆ, ಐದು ನಿಮಿಷದಲ್ಲಿ ತಲೆ ಎಷ್ಟು ಸಲ ಮೇಲೆದ್ದಿತು ಎಂದು. ಬಹಳ ಜನರಿಗೆ ಹತ್ತೂ ದಾಟುವುದಿಲ್ಲ. ಆ ಲೆಕ್ಕವನ್ನು ಅವರ ಹಾಳೆಯ ಮೂಲೆಯಲ್ಲೇ ಬರೆದಿಡುತ್ತೇನೆ. ಚಿತ್ರ ಹೇಗಿದೆ ಎಂಬ ಮಾತು ಆ ವಾರ ಬೇಡವೇ ಬೇಡ.

ಕಣ್ಣುಗಳು ತಲೆಯ ನಡುಮಧ್ಯದಲ್ಲಿವೆ ಎಂದರೆ ಯಾರೂ ನಂಬುವುದಿಲ್ಲ. ನೆತ್ತಿಯಿಂದ ಕಣ್ಣಿಗೆ, ಕಣ್ಣಿನಿಂದ ಗದ್ದಕ್ಕೆ ಪೆನ್ಸಿಲ್ ಹಿಡಿದು ಪಕ್ಕದವರನ್ನು ಅಳೆಯಿರಿ ಎಂದರೆ ಅಳೆದು ಬೆರಗಾಗುತ್ತಾರೆ. ಅಳೆದ ಮೇಲೂ ಹಾಳೆಯಲ್ಲಿ ಕಣ್ಣು ಮೇಲಕ್ಕೇ ಹೋಗುತ್ತದೆ! ಹಣೆಯಲ್ಲಿ, ನೆತ್ತಿಯಲ್ಲಿ ನಾವು ಓದುವಂಥದ್ದು ಏನೂ ಇಲ್ಲ. ಹಾಗಾಗಿ ಮನಸ್ಸು ಅದನ್ನು ಅರ್ಧಕ್ಕೆ ಇಳಿಸಿಬಿಡುತ್ತದೆ. ಕನ್ನಡದಲ್ಲಿ ಚಿತ್ರ 'ಬಿಡಿಸುವುದು' ಎನ್ನುತ್ತೇವೆ, ನಮ್ಮ ಕಡೆ 'ತೆಗೆಯುವುದು'. ಕಾಳು ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ. ಇಷ್ಟು ಒಳ್ಳೆಯ ಕ್ರಿಯಾಪದ ಕೈಯಲ್ಲಿದ್ದೂ ಹಾಳೆಗೆ ಏನನ್ನು ಸೇರಿಸಲಿ ಎಂದೇ ಯೋಚಿಸುತ್ತೇವೆ.

ಇದಕ್ಕೆ ನಾನು ಕಂಡುಕೊಂಡ ಮದ್ದು ಖಾಲಿ ಜಾಗ. ಸೊಂಟದ ಮೇಲೆ ಕೈಯಿಟ್ಟು ನಿಂತವರ ತೋಳಿಗೂ ಮೈಗೂ ನಡುವೆ ಒಂದು ಮುಕ್ಕೋನದ ಕಿಂಡಿ ಇರುತ್ತದೆ. ಮನುಷ್ಯನನ್ನು ಬಿಟ್ಟು ಆ ಕಿಂಡಿಯನ್ನಷ್ಟೇ ತೆಗೆಯಿರಿ ಎನ್ನುತ್ತೇನೆ. ಗಾಳಿಗೆ ಹೆಸರಿಲ್ಲ, ಗಂಟಿನೊಳಗೆ ಅದರ ಗೊಂಬೆಯೂ ಇಲ್ಲ. ಬೇರೆ ದಾರಿ ಕಾಣದೆ ಹುಡುಗ ನೋಡಲೇಬೇಕಾಗುತ್ತದೆ. ಎರಡು ಕಿಂಡಿ ಸರಿಯಾಗಿ ಕೂತರೆ ಅವುಗಳ ನಡುವಿನ ತೋಳು ತಾನಾಗಿ ಸರಿಯಾಗಿರುತ್ತದೆ.

2. ತಲೆಕೆಳಗು ಪಾಠ ಒಂದು ದಿನಕ್ಕೆ ಸಾಕು

ಬೆಟ್ಟಿ ಎಡ್ವರ್ಡ್ಸ್ ಎಂಬ ಅಮೆರಿಕದ ಶಿಕ್ಷಕಿ 1979ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಅಭ್ಯಾಸ ಬರುತ್ತದೆ. ಸಂಗೀತಗಾರ ಸ್ಟ್ರಾವಿನ್ಸ್ಕಿಯನ್ನು ಪಿಕಾಸೊ ರೇಖೆಯಲ್ಲಿ ತೆಗೆದ ಚಿತ್ರವನ್ನು ತಲೆಕೆಳಗು ಮಾಡಿಟ್ಟುಕೊಂಡು ನಕಲು ಮಾಡುವುದು. ಮಾಡಿಸಿ ನೋಡಿ, ಎಂದೂ ಪೆನ್ಸಿಲ್ ಹಿಡಿಯದವರೂ ಚೆನ್ನಾಗಿ ತೆಗೆಯುತ್ತಾರೆ. ತಲೆಕೆಳಗಾದ ಮೂಗು ಮೂಗಾಗಿ ಉಳಿಯುವುದಿಲ್ಲವಲ್ಲ. ಹೊಸಬರ ಅಂಜಿಕೆ ಕಳೆಯಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದು ಕಾಗದದಿಂದ ಕಾಗದಕ್ಕೆ ಹೋಗುವ ಪಾಠ. ಮಾರನೆಯ ದಿನ ಜೀವಂತ ಮನುಷ್ಯ ಎದುರು ಕೂತಾಗ ಅವರನ್ನು ತಲೆಕೆಳಗು ಮಾಡಲು ಬರುವುದಿಲ್ಲ.

3. ಮೊದಲು ಅರ್ಧ ನಿಮಿಷ, ಆಮೇಲೆ ಅರ್ಧ ದಿನ

ನಾನು ಕಲಿಯುವ ಕಾಲಕ್ಕೆ ಮೊದಲ ದಿನವೇ ನಾಲ್ಕು ತಾಸಿನ ಪೋಸು. ಹಣೆಯಿಂದ ಶುರು ಮಾಡಿ ಇಳಿಯುತ್ತ ಹೋಗುತ್ತಿದ್ದೆವು. ಮೊಣಕಾಲಿಗೆ ಬರುವಷ್ಟರಲ್ಲಿ ಹಾಳೆ ಮುಗಿಯುತ್ತಿತ್ತು, ಪಾದಗಳು ಮೇಜಿನ ಮೇಲೆ ಉಳಿಯುತ್ತಿದ್ದವು. ಈಗ ನಾನು ಅರ್ಧ ನಿಮಿಷದ ಪೋಸಿನಿಂದ ಶುರು ಮಾಡುತ್ತೇನೆ. ಅಷ್ಟರಲ್ಲಿ ಕಣ್ಣು–ಮೂಗು ಸಿಗುವುದಿಲ್ಲ. ಆ ಮೈ ಏನು ಮಾಡುತ್ತಿದೆ ಎಂಬುದಷ್ಟೇ ಸಿಗುತ್ತದೆ: ಎಳೆಯುತ್ತಿದೆಯೋ, ವಾಲುತ್ತಿದೆಯೋ, ಕುಸಿಯುತ್ತಿದೆಯೋ. ನ್ಯೂಯಾರ್ಕಿನಲ್ಲಿ ಕಲಿಸುತ್ತಿದ್ದ ಕಿಮೊನ್ ನಿಕೊಲೈಡ್ಸ್ ಈ ಅಭ್ಯಾಸವನ್ನು ಒಂದು ಶಿಸ್ತಾಗಿಯೇ ರೂಪಿಸಿದರು. ಅವರ ಪುಸ್ತಕ ಅವರು ತೀರಿಕೊಂಡ ಮೇಲೆ 1941ರಲ್ಲಿ ಬಂತು. ನಮ್ಮವರಲ್ಲಿ ನಾನು ಕೆ.ಕೆ. ಹೆಬ್ಬಾರರ ಹೆಸರು ಹೇಳುತ್ತೇನೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು, ಮುಂಬಯಿಯ ಜೆ.ಜೆ. ಸ್ಕೂಲಿನಲ್ಲಿ ಕಲಿತವರು. ಲಯ ಎಂದರೇನು ಎಂದು ತಿಳಿಯಲು ಅವರು ಕಥಕ್ ಕಲಿತರು. ಕುಣಿಯುವವರ ಚಿತ್ರ ಬರೆಯಬೇಕೆಂದು ತಾನೇ ಕಾಲಿಗೆ ಗೆಜ್ಜೆ ಕಟ್ಟಿದ ಮನುಷ್ಯ ಎಂದರೆ ಹುಡುಗರು ಒಂದು ಕ್ಷಣ ಸುಮ್ಮನಾಗುತ್ತಾರೆ.

ಒಂದು ತೊಡಕಿದೆ. ಅರ್ಧ ನಿಮಿಷಕ್ಕೊಂದು ಹಾಳೆ ತಿರುವಬೇಕೆಂದರೆ ಹುಡುಗರಿಗೆ ಹೊಟ್ಟೆಯಲ್ಲಿ ಸಂಕಟ. ನೋಟ್‌ಬುಕ್ಕಿನ ಕೊನೆಯ ಪುಟವನ್ನೂ ಬಿಡದೆ ಬರೆದು ಬೆಳೆದ ಮನೆಗಳಿಂದ ಬಂದವರು ಅವರು. ಹಾಳೆ ದಂಡ ಮಾಡುವುದು ಅವರಿಗೆ ಅನ್ನ ಚೆಲ್ಲಿದ ಹಾಗೆ. ಹಾಗಾಗಿ ಪತ್ರಿಕೆಯ ಮುದ್ರಣಾಲಯದಲ್ಲಿ ರೀಲಿನ ಕೊನೆಗೆ ಉಳಿಯುವ ಕಾಗದವನ್ನು ಕಿಲೋ ಲೆಕ್ಕದಲ್ಲಿ ತಂದು ಕತ್ತರಿಸಿ ಕೊಡುತ್ತೇನೆ. ಕಾಗದ ಅಗ್ಗವಾದ ದಿನ ರೇಖೆಗೆ ಧೈರ್ಯ ಬರುತ್ತದೆ. ರಬ್ಬರುಗಳನ್ನು ಮಾತ್ರ ಬಾಗಿಲಲ್ಲೇ ಒಂದು ಡಬ್ಬಿಗೆ ಹಾಕಿಸಿಕೊಳ್ಳುತ್ತೇನೆ. ತಪ್ಪು ಗೆರೆ ಅಲ್ಲೇ ಇರಲಿ, ಪಕ್ಕದಲ್ಲಿ ಸರಿಯಾದ ಗೆರೆ ಎಳೆಯಲಿ. ಎಷ್ಟು ದೂರ ತಪ್ಪಿದ್ದೆ ಎಂದು ಕಣ್ಣಿಗೆ ಕಾಣಬೇಕು.

4. ತೂಗುಗುಂಡು

ನಮ್ಮ ತರಗತಿಗೆ ಬಹಳ ವರ್ಷ ಮಾಡೆಲ್ ಆಗಿ ಕೂತವರು ಒಬ್ಬ ಅಜ್ಜ. ಹರೆಯದಿಂದಲೇ ಹುಬ್ಬಳ್ಳಿಯ ಹತ್ತಿ ಗಿರಣಿಯಲ್ಲಿ ಹಮಾಲಿ ಮಾಡಿದವರು. ಹೊರೆ ಹೊತ್ತು ಹೊತ್ತು ಬಲ ಭುಜ ಎಡ ಭುಜಕ್ಕಿಂತ ಎರಡು ಬೆರಳು ಇಳಿದಿತ್ತು. ಹೊಸ ಹುಡುಗರು ಆ ಭುಜವನ್ನು ನೋಡುತ್ತಿದ್ದರು, ಆಮೇಲೆ ತಮ್ಮ ಕಣ್ಣೇ ತಪ್ಪಿರಬೇಕು ಎಂದುಕೊಂಡು ಎರಡನ್ನೂ ಸಮ ಮಾಡಿಬಿಡುತ್ತಿದ್ದರು. ಅಜ್ಜನ ನಲವತ್ತು ವರ್ಷದ ದುಡಿಮೆಯನ್ನು ಒಂದು ಗೆರೆಯಲ್ಲಿ ಅಳಿಸಿಬಿಟ್ಟಿರಲ್ಲೋ ಎಂದು ಬೈಯುತ್ತಿದ್ದೆ.

ವಿರಾಮದಲ್ಲಿ ಅಜ್ಜ ಚಹಾದ ಕಪ್ಪು ಹಿಡಿದು ಒಂದೊಂದೇ ಈಸೆಲ್ ಮುಂದೆ ನಿಂತು ನೋಡುತ್ತ ಬರುತ್ತಿದ್ದರು. ಒಮ್ಮೆ ಒಬ್ಬ ಹುಡುಗನ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಮುಖ ಚೆನ್ನಾಗಿ ಬಂದಿತ್ತು, ಧೋತರದ ನೆರಿಗೆ ಚೆನ್ನಾಗಿತ್ತು. ಅಜ್ಜ ನನ್ನನ್ನು ಕರೆದು ಮೆಲ್ಲಗೆ ಹೇಳಿದರು: "ಮಾಸ್ತರ, ಇಂಥಾ ಕಾಲಮ್ಯಾಲ ನಾ ನಿಂತ್ನಿ ಅಂದ್ರ ಬಿದ್ದs ಬೀಳ್ತೇನ್ರಿ."

ನಾನು ಹತ್ತು ಪುಟದ ಉಪನ್ಯಾಸದಲ್ಲಿ ಹೇಳಲಾಗದ್ದನ್ನು ಅವರು ಒಂದೇ ಸಾಲಿನಲ್ಲಿ ಹೇಳಿದ್ದರು. ನಿಂತ ಮನುಷ್ಯನ ಗಂಟಲ ಗುಳಿಯಿಂದ ನೆಟ್ಟಗೆ ಕೆಳಕ್ಕೆ ಒಂದು ದಾರ ಬಿಟ್ಟರೆ, ತೂಕ ಒಂದೇ ಕಾಲಿನ ಮೇಲಿದ್ದಾಗ ಅದು ಆ ಕಾಲಿನ ಹಿಮ್ಮಡಿಯ ಹತ್ತಿರ ಬರುತ್ತದೆ; ಎರಡೂ ಕಾಲಿನ ಮೇಲಿದ್ದರೆ ಎರಡು ಪಾದಗಳ ನಡುವೆ ಬರುತ್ತದೆ. ಅದರ ಆಚೆಗೆ ಬಂತೆಂದರೆ ಆ ಮನುಷ್ಯ ಬೀಳುತ್ತಿದ್ದಾನೆ. ತೂಕ ಹೊತ್ತ ಕಾಲಿನ ಕಡೆ ಸೊಂಟ ಮೇಲೇರುತ್ತದೆ, ಅದೇ ಕಡೆಯ ಭುಜ ಇಳಿಯುತ್ತದೆ. ಬೇಲೂರಿನ ಮದನಿಕೆಯರ ತ್ರಿಭಂಗಿಯ ಗುಟ್ಟು ಇದೇ. ಅಷ್ಟು ಬಳುಕಿದರೂ ಅವರು ಬೀಳುತ್ತಾರೆ ಎಂದು ನಮಗೆ ಒಂದು ಕ್ಷಣವೂ ಅನಿಸುವುದಿಲ್ಲ. ಶ್ರವಣಬೆಳಗೊಳದ ಗೊಮ್ಮಟನಲ್ಲಿ ತೂಕ ಎರಡೂ ಕಾಲಿಗೆ ಸಮ, ಅದಕ್ಕೇ ಸೊಂಟ ಭುಜಗಳೂ ಸಮ. ಸಮಭಂಗ, ಆಭಂಗ, ತ್ರಿಭಂಗ ಎಂಬ ಹಳೆಯ ಹೆಸರುಗಳು ಮೂರ್ತಿಶಾಸ್ತ್ರದ ಪರೀಕ್ಷೆಗೆ ಬಾಯಿಪಾಠ ಮಾಡುವಂಥವು ಎಂದು ಹುಡುಗರು ತಿಳಿದಿರುತ್ತಾರೆ. ತೂಕ ಎಲ್ಲಿದೆ ಎಂಬುದನ್ನೇ ಹೇಳುವ ಹೆಸರುಗಳು ಅವು.

ಮರುದಿನ ಅದೇ ಹುಡುಗ ಮನೆಯಿಂದ ತೂಗುಗುಂಡು ತಂದ. ಅವನ ಅಪ್ಪ ಗೌಂಡಿ. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಕಟ್ಟಿದ ಹಿತ್ತಾಳೆಯ ಗುಂಡು. ಅಂದಿನಿಂದ ಅದು ನಮ್ಮ ತರಗತಿಯ ಸಾಮಾನು. ಪೋಸು ಶುರುವಾದ ಕೂಡಲೇ ನಾನು ಕೇಳುವ ಮೊದಲ ಪ್ರಶ್ನೆಯೂ ಅಂದಿನದೇ: ಅಜ್ಜನ ತೂಕ ಯಾವ ಕಾಲಿನ ಮೇಲಿದೆ? ಉತ್ತರ ಬರುವವರೆಗೆ ಯಾರೂ ಗೆರೆ ಎಳೆಯುವಂತಿಲ್ಲ.

5. ಅಳತೆ ಗೊತ್ತಿರಲಿ, ಅಳತೆಯೇ ಮನುಷ್ಯನಲ್ಲ

ನಮ್ಮ ಶಿಲ್ಪಶಾಸ್ತ್ರದಲ್ಲಿ ಮುಖದ ಉದ್ದ ಒಂದು ತಾಳ, ಅಂದರೆ 12 ಅಂಗುಲ; ನವತಾಳದ ಮೂರ್ತಿ 108 ಅಂಗುಲ. ಪಶ್ಚಿಮದವರು ನೆತ್ತಿಯಿಂದ ಗದ್ದದವರೆಗೆ ಇಡೀ ತಲೆಯನ್ನೇ ಅಳತೆಗೋಲು ಮಾಡಿಕೊಂಡರು. ಆ ಲೆಕ್ಕದಲ್ಲಿ ಬೆಳೆದ ಮನುಷ್ಯ ಸುಮಾರು ಏಳೂವರೆ ತಲೆ. ಆಂಡ್ರ್ಯೂ ಲೂಮಿಸ್ 1943ರ ತಮ್ಮ ಪುಸ್ತಕದಲ್ಲಿ ಆದರ್ಶ ಮೈಗೆ ಎಂಟು ತಲೆ ಕೊಟ್ಟರು. ನಮ್ಮ ಎಷ್ಟೋ ಡ್ರಾಯಿಂಗ್ ಮಾಸ್ತರರು ಅದನ್ನೇ ಶಾಸನ ಮಾಡಿಕೊಂಡರು. ಅಬನೀಂದ್ರನಾಥ ಟಾಗೋರರು 1914ರಲ್ಲಿ ಭಾರತೀಯ ಅಂಗವಿನ್ಯಾಸದ ಬಗ್ಗೆ ಒಂದು ಚಿಕ್ಕ ಹೊತ್ತಗೆ ಪ್ರಕಟಿಸಿದರು. ಅದಕ್ಕೆ ರೇಖಾಚಿತ್ರ ಬರೆದುಕೊಟ್ಟ ಇಬ್ಬರು ಶಿಷ್ಯರಲ್ಲಿ ಒಬ್ಬರು ನಂದಲಾಲ್ ಬೋಸ್, ಇನ್ನೊಬ್ಬರು ನಮ್ಮ ಮೈಸೂರಿನ ಕೆ. ವೆಂಕಟಪ್ಪ. ಹುಬ್ಬು ಬೇವಿನೆಲೆಯಂತೆ, ಕಣ್ಣು ಮೀನಿನಂತೆ ಎಂಬ ಉಪಮಾನಗಳೆಲ್ಲ ಅದರಲ್ಲಿವೆ. ಮೂರ್ತಿಗೆ, ಭಾವಕ್ಕೆ ಅವು ಬೇಕೇ ಬೇಕು. ಆದರೆ ಎದುರಿಗೆ ಕೂತ ಅಜ್ಜ ಯಾವ ತಾಳಕ್ಕೂ ಬಗ್ಗುವುದಿಲ್ಲ. ಬೆನ್ನು ಬಾಗಿ, ಮೊಣಕಾಲು ಮಡಚಿ ನಿಂತಾಗ ಅವರು ಆರೂಮುಕ್ಕಾಲು ತಲೆಯಷ್ಟೇ ಇದ್ದರು. ವಯಸ್ಸಾದಂತೆ ಬೆನ್ನೆಲುಬಿನ ನಡುವಿನ ಮೆತ್ತೆಗಳು ಸವೆದು ಎತ್ತರ ಇಳಿಯುತ್ತದೆ, ತಲೆ ಮಾತ್ರ ಇದ್ದಷ್ಟೇ ಇರುತ್ತದೆ. ಹುಟ್ಟಿದ ಕೂಸಿನಲ್ಲಿ ತಲೆಯೇ ಮೈಯ ಕಾಲು ಭಾಗ. ಕ್ಯಾಲೆಂಡರಿನ ಎಷ್ಟೋ ಬಾಲಕೃಷ್ಣರು ಸಣ್ಣ ಗಾತ್ರದ ಗಂಡಸರಂತೆ ಕಾಣುವುದು ಈ ಲೆಕ್ಕ ತಪ್ಪಿದ್ದರಿಂದಲೇ.

ಅಳೆಯುವ ರೀತಿ ಸರಳ: ತೋಳು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ನೆಟ್ಟಗೆ ಹಿಡಿದು ಹೆಬ್ಬೆರಳಿನಿಂದ ಗುರುತು ಮಾಡುವುದು. ಮೊಣಕೈ ಒಂಚೂರು ಮಡಚಿದರೂ ಲೆಕ್ಕ ಕೆಟ್ಟಿತು. ಹುಡುಗರು ಮೊಣಕೈ ಮಡಚುತ್ತಾರೆ, ಆಮೇಲೆ ಅಜ್ಜ ಅಲುಗಾಡಿದರು ಎನ್ನುತ್ತಾರೆ.

6. ನಾನು ಮಾಡಿದ ತಪ್ಪು

ಒಂದು ಬೇಸಿಗೆ. ಕೋಲಿಗೆ ಒಂದು ಕೈ ಊರಿ, ಇನ್ನೊಂದು ಕೈ ಮೇಲೆತ್ತಿ ಕಂಬ ಹಿಡಿದು ನಿಂತ ಪೋಸು. 20 ನಿಮಿಷ ನಿಲ್ಲುವುದು, 5 ನಿಮಿಷ ವಿಶ್ರಾಂತಿ ಎಂಬುದು ಕಲಾಶಾಲೆಗಳಲ್ಲಿ ನಡೆದು ಬಂದ ಪದ್ಧತಿ. ಅಂದು ತರಗತಿ ಬಹಳ ಚೆನ್ನಾಗಿ ಓಡುತ್ತಿತ್ತು, ಇದ್ದಿಲಿನ ಸರಸರ ಬಿಟ್ಟರೆ ಸದ್ದಿಲ್ಲ. ಗಡಿಯಾರ ನೋಡಿದೆ, ಹೊತ್ತು ಮೀರಿತ್ತು. ಇನ್ನೈದು ನಿಮಿಷ ಇರಲಿ ಎಂದು ಸುಮ್ಮನಾದೆ. ಆಮೇಲೆ ಮತ್ತೈದು ನಿಮಿಷ. ಅಜ್ಜ ಏನೂ ಹೇಳಲಿಲ್ಲ, ಹೇಳುವ ಸ್ವಭಾವದವರಲ್ಲ. ಎತ್ತಿದ ಕೈ ಮೆಲ್ಲಗೆ ಇಳಿಯಿತು, ಮೊಣಕಾಲು ಕುಸಿಯಿತು. ಮುಂದಿನ ಸಾಲಿನ ಇಬ್ಬರು ಹುಡುಗಿಯರು ಓಡಿ ಹೋಗಿ ಹಿಡಿಯದಿದ್ದರೆ ತಲೆ ನೆಲಕ್ಕೆ ಬಡಿಯುತ್ತಿತ್ತು. ನೀರು ಕುಡಿಸಿ, ಗಾಳಿ ಹಾಕಿದೆವು. ಕಣ್ಣು ಬಿಟ್ಟ ಮೇಲೆ ಅವರು ಆಡಿದ ಮೊದಲ ಮಾತು, "ಹುಡುಗೂರ ಚಿತ್ರ ಕೆಟ್ಟ್ವು ಏನ್ರಿ?"

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನೋಡುವುದನ್ನು ಕಲಿಸುತ್ತೇನೆ ಎಂದು ಸಂಬಳ ತೆಗೆದುಕೊಳ್ಳುವವನಿಗೆ ಆ ಕೈ ನಡುಗುವುದು ಕಂಡಿರಲಿಲ್ಲ.

ಮರುದಿನ ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿ, ಅದೇ ಪೋಸಿನಲ್ಲಿ ನಾನು ನಿಂತೆ. ಎಂಟನೇ ನಿಮಿಷಕ್ಕೆ ಎತ್ತಿದ ಕೈ ಮರಗಟ್ಟಿತು. ಹನ್ನೆರಡಕ್ಕೆ ಸೊಂಟದ ಒಂದು ಮಗ್ಗಲು ಉರಿಯತೊಡಗಿತು. ಇಷ್ಟು ವರ್ಷ ಬೋರ್ಡಿನ ಮೇಲೆ ಗೆರೆ ಎಳೆದು ವಿವರಿಸುತ್ತಿದ್ದ ತೂಕ ಎಲ್ಲಿ ಕೂರುತ್ತದೆ ಎಂದು ಆ ಉರಿ ಹೇಳಿಕೊಟ್ಟಿತು. ಈಗ ನಮ್ಮಲ್ಲಿ ನಿಯಮ ಇದೆ. ಪ್ರತಿ ವಿದ್ಯಾರ್ಥಿಯೂ ಸರದಿಯಂತೆ 20 ನಿಮಿಷ ನಿಲ್ಲಬೇಕು, ಮಾಸ್ತರನೂ ನಿಲ್ಲಬೇಕು. ನಿಂತು ಬಂದವರು ತೆಗೆದ ಕಾಲು ಬೇರೆಯೇ ಕಾಲು. ಹೆಬ್ಬೆರಳು ನೆಲವನ್ನು ಒತ್ತುವುದು ಅವರ ಗೆರೆಯಲ್ಲಿ ಬರುತ್ತದೆ.

ಉಳಿದ ನಿಯಮಗಳು ಚಿಕ್ಕವು. ಪಾದದ ಸುತ್ತ ಸೀಮೆಸುಣ್ಣದ ಗೆರೆ ಎಳೆದಿಟ್ಟರೆ ವಿಶ್ರಾಂತಿಯ ನಂತರ ಅಲ್ಲೇ ಬಂದು ನಿಲ್ಲಬಹುದು. ಹೊತ್ತು ನೋಡುವ ಕೆಲಸ ಒಬ್ಬ ವಿದ್ಯಾರ್ಥಿಯದು, ನನ್ನದಲ್ಲ. ಕೂಲಿ ಅಂದಂದಿನದು ಅಂದೇ, ಲಕೋಟೆಯಲ್ಲಿ. 'ಮಾಡೆಲ್ ಬಂತಾ?' ಎಂದು ಯಾರಾದರೂ ಕೇಳಿದರೆ ಅಂದು ಅವರಿಗೆ ತರಗತಿ ಇಲ್ಲ, 'ಅಜ್ಜಾರು ಬಂದ್ರಾ?' ಎಂದು ಕೇಳಬೇಕು.

7. ಕ್ಷಯ ಮತ್ತು ವೃದ್ಧಿ

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಈ ಎರಡು ಮಾತು ಬರುತ್ತವೆ. ಮೈ ನಮ್ಮ ಕಡೆಗೆ ಚಾಚಿದಾಗ ಅಥವಾ ತಿರುಗಿದಾಗ ಕೆಲವು ಭಾಗ ಕುಗ್ಗುತ್ತದೆ, ಕೆಲವು ಹಿಗ್ಗುತ್ತದೆ. ಹುಡುಗರಿಗೆ ಇದಕ್ಕಿಂತ ಕಷ್ಟದ ಪಾಠ ಬೇರೆ ಇಲ್ಲ. ತೊಡೆ ಉದ್ದ ಎಂದು ಗೊತ್ತಿದೆ. ಕಣ್ಣಿಗೆ ಕಾಣುವುದು ಒಂದು ಗೇಣು. ಗೊತ್ತಿರುವುದು ಗೆಲ್ಲುತ್ತದೆ, ಅಜ್ಜನ ತೊಡೆ ಏಣಿಯಂತೆ ಉದ್ದವಾಗುತ್ತದೆ.

ಇದನ್ನು ಕಲಿಯಲು ಹುಬ್ಬಳ್ಳಿ ರೈಲು ನಿಲ್ದಾಣಕ್ಕಿಂತ ಒಳ್ಳೆಯ ಶಾಲೆ ನನಗೆ ಗೊತ್ತಿಲ್ಲ. 2023ರಲ್ಲಿ ಉದ್ಘಾಟನೆಯಾದ ಅಲ್ಲಿನ 1507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು ಎಂದು ಊರಿಗೆಲ್ಲ ಹೆಮ್ಮೆ. ನಮ್ಮ ಹುಡುಗರ ಲೆಕ್ಕದಲ್ಲಿ ಅಷ್ಟು ಉದ್ದಕ್ಕೂ ಬೇರೆ ಬೇರೆ ಪೋಸಿನಲ್ಲಿ ಮಲಗಿದವರು ಸಿಗುತ್ತಾರೆ. ಮಲಗಿದವರು ಅಲುಗುವುದಿಲ್ಲ, ಕೂಲಿ ಕೇಳುವುದಿಲ್ಲ. ಪಾದದ ಕಡೆ ಕೂತು ನೋಡಿದರೆ ಅಂಗಾಲು ತಲೆಗಿಂತ ದೊಡ್ಡದು; ಮೊಣಕಾಲ ಹಿಂದೆ ನೇರ ಗದ್ದ, ಗದ್ದದ ಮೇಲೆ ಮೂಗಿನ ಹೊಳ್ಳೆಗಳು. ಕುತ್ತಿಗೆ ಕಾಣುವುದೇ ಇಲ್ಲ.

ಆದರೆ ಮಲಗಿದವರು ಕೂಲಿ ಕೇಳುವುದಿಲ್ಲ ಎಂಬ ಮಾತು ಹೇಳುವಾಗ ನನಗೇ ಮುಜುಗರ. ಒಮ್ಮೆ ಒಬ್ಬರು ನಡುವೆ ಎಚ್ಚರವಾಗಿ, "ಏನ್ ಬರ್ಕೊಳ್ಳಾಕತ್ತೀಯೋ ತಮ್ಮಾ?" ಎಂದು ಕೇಳಿದರು. ಹುಡುಗ ಹೆದರಿ ಪುಸ್ತಕ ಮುಚ್ಚಿದ. ನಾನು ತೆರೆಯಿಸಿದೆ. ಅವರು ತಮ್ಮ ಅಂಗಾಲನ್ನು ಬಹಳ ಹೊತ್ತು ನೋಡಿ, ಇದನ್ನು ಮನೆಗೆ ಒಯ್ಯಲೇ ಎಂದರು. ಹರಿದು ಕೊಟ್ಟೆವು. ಆ ವರ್ಷದ ಅತ್ಯುತ್ತಮ ಹಾಳೆ ಗದಗಿನ ರೈಲು ಹತ್ತಿ ಹೋಯಿತು.

8. ತಿರುತಿರುಗಿ ಬರುವ ದುಡಿಮೆಯೇ ದೊಡ್ಡ ಪೋಸು

ಇದನ್ನು ಕಲಿಸಿದ್ದು ಒಬ್ಬ ಹುಡುಗಿ. ಸಂಜೆ ಹೊತ್ತು ನಿಲ್ದಾಣಕ್ಕೆ, ಗರಡಿ ಮನೆಗೆ ಗಂಡು ಹುಡುಗರು ಹೋಗುತ್ತಿದ್ದರು. ಹುಡುಗಿಯರ ಮನೆಗಳಲ್ಲಿ ಒಪ್ಪಿಗೆ ಇರಲಿಲ್ಲ. ಹಳೆಯ ಕಥೆಯೇ ಇದು. ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಶುರುವಾದಾಗ ಸ್ಥಾಪಕ ಸದಸ್ಯರಲ್ಲಿ ಇಬ್ಬರು ಹೆಂಗಸರಿದ್ದರು, ಆಂಜೆಲಿಕಾ ಕೌಫ್ಮನ್ ಮತ್ತು ಮೇರಿ ಮೋಸರ್. ಸದಸ್ಯರು ಬೆತ್ತಲೆ ಮಾಡೆಲ್ ಸುತ್ತ ನೆರೆದಂತೆ ಜೊಫಾನಿ ಎಂಬ ಚಿತ್ರಕಾರ ಚಿತ್ರ ಬರೆದ. ಅದರಲ್ಲಿ ಈ ಇಬ್ಬರು ಗೋಡೆಯ ಮೇಲೆ ತೂಗುಹಾಕಿದ ಚೌಕಟ್ಟುಗಳಾಗಿ ಮಾತ್ರ ಇದ್ದಾರೆ, ಮಾಡೆಲ್ ಇರುವ ಕೋಣೆಗೆ ಹೆಂಗಸರು ಬರುವಂತಿರಲಿಲ್ಲ.

ನಮ್ಮ ಹುಡುಗಿ ಮನೆಯಲ್ಲೇ ಕೂತು ಅವ್ವನನ್ನು ತೆಗೆದಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಲುಗುವವರನ್ನು ಹೇಗೆ ತೆಗೆದೆ ಎಂದು ಕೇಳಿದ್ದಕ್ಕೆ ಅವಳ ಉತ್ತರ: "ಕೈ ಮ್ಯಾಲ ಹೋಗಿ ಮತ್ತ ಅಲ್ಲೇ ಬರತದಲ್ರೀ ಸರ. ಒಂದ್ ರೊಟ್ಟಿಗೆ ಭುಜ ನೋಡಿದ್ನಿ, ಇನ್ನೊಂದ್ ರೊಟ್ಟಿಗೆ ಬೆನ್ನು." ಮೂವತ್ತು ರೊಟ್ಟಿ ಮುಗಿಯುವಷ್ಟರಲ್ಲಿ ಚಿತ್ರವೂ ಮುಗಿದಿತ್ತು. ಮುಂದಕ್ಕೆ ಬಾಗಿದ ಬೆನ್ನು, ಮಡಚಿ ಕೂತ ಕಾಲು, ಅಂಗೈಗೆ ಇಳಿದ ಇಡೀ ಮೈಯ ಭಾರ. ಗರಡಿಯಿಂದ ಬಂದ ಒಂದು ಚಿತ್ರವೂ ಆ ವರ್ಷ ಅದರ ಹತ್ತಿರ ನಿಲ್ಲಲಿಲ್ಲ.

ಆಮೇಲೆ ನಾನು ಇಂಥ ದುಡಿಮೆಗಳನ್ನೇ ಹುಡುಕಿಕೊಂಡು ಹೋದೆ. ಇಸ್ತ್ರಿ ಮಾಡುವವರು, ಕಮ್ಮಾರರು, ಮಗ್ಗದ ಮುಂದೆ ಕೂತವರು, ಕ್ಷೌರದ ಅಂಗಡಿಯವರು. ಮೈ ಅಲುಗಿದರೂ ಅದೇ ಜಾಗಕ್ಕೆ ಮರಳುತ್ತದೆ. ಕಾಯಬೇಕು, ಅಷ್ಟೇ.

9. ಬಟ್ಟೆಯೂ ಮೈಯ ಮಾತೇ ಆಡುತ್ತದೆ

ಬೆತ್ತಲೆ ಮಾಡೆಲ್ ಇಲ್ಲದೆ ಲೈಫ್ ಸ್ಟಡಿ ಆಗುತ್ತದೆಯೇ ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಸಿಕ್ಕರೆ ಒಳ್ಳೆಯದು. ನಮ್ಮ ಊರಿನಲ್ಲಿ ಸಿಗುವುದಿಲ್ಲ, ಸಿಕ್ಕರೂ ಪಾಲಕರು ಬಿಡುವುದಿಲ್ಲ. ಮನೆಮಂದಿಯೆಲ್ಲ ಮಕ್ಕಳನ್ನು ಕರೆದುಕೊಂಡು ವಿಂಧ್ಯಗಿರಿ ಹತ್ತಿ ಸುಮಾರು 58 ಅಡಿಯ ಬೆತ್ತಲೆ ಗೊಮ್ಮಟನಿಗೆ ಕೈಮುಗಿದು ಬರುವವರೂ ಬಿಡುವುದಿಲ್ಲ. ಅವರ ಜೊತೆ ಜಗಳ ಆಡುವುದನ್ನು ನಾನು ಬಹಳ ಹಿಂದೆಯೇ ಬಿಟ್ಟೆ. ಧೋತರ ಮೊಣಕಾಲ ಮೇಲೆ ಎಲ್ಲಿ ಬಿಗಿಯಾಗಿದೆ, ನೆರಿಗೆ ಯಾವ ಮೂಳೆಯಿಂದ ಹೊರಟಿದೆ, ಎಲ್ಲಿ ಸಡಿಲವಾಗಿ ಜೋತಿದೆ ಎಂದು ನೋಡಿದರೆ ಒಳಗಿನ ಕಾಲು ಕಾಣುತ್ತದೆ. ನೆರಿಗೆಗಳನ್ನು ಎಣಿಸುತ್ತ ಕೂತವರಿಗೆ ಮಾತ್ರ ಬಟ್ಟೆ ಅಡ್ಡ.

10. ಎಲುಬು ಮೊದಲು, ಸ್ನಾಯು ಕೊನೆಗೆ

ಕೊರಳ ಕೆಳಗಿನ ಅಡ್ಡೆಲುಬು, ಕತ್ತು ಬಗ್ಗಿಸಿದಾಗ ಎದ್ದು ಕಾಣುವ ಬೆನ್ನೆಲುಬಿನ ಗುಬುಟು, ಸೊಂಟದ ಎರಡು ಏಣು, ಮೊಣಕಾಲ ಚಿಪ್ಪು, ಹರಡು. ಮೈ ದಪ್ಪವಿರಲಿ ತೆಳ್ಳಗಿರಲಿ, ಚರ್ಮದ ಕೆಳಗೇ ಸಿಗುವ ಈ ಗುರುತುಗಳು ಕೈಕೊಡುವುದಿಲ್ಲ. ಮೊದಲ ವರ್ಷಕ್ಕೆ ಇಷ್ಟು ಸಾಕು. ಸ್ನಾಯುಗಳ ಪಟ್ಟಿ ಬಾಯಿಪಾಠ ಮಾಡಿದವರು ಎಲ್ಲವನ್ನೂ ತೋರಿಸಲು ಹೋಗಿ ಮನುಷ್ಯನನ್ನು ಆಲೂಗಡ್ಡೆ ಚೀಲ ಮಾಡುತ್ತಾರೆ. ಲಿಯೊನಾರ್ಡೊ ತನ್ನ ಕಾಲದ ಚಿತ್ರಕಾರರನ್ನು ಅಣಕಿಸುವಾಗ ಅಕ್ರೋಟಿನ ಚೀಲ ಎಂದಿದ್ದ. ರೋಗ ಹಳೆಯದು.

11. ಕಿಸೆಯಲ್ಲಿ ಅಡಗಿದ ಕೈಗಳು

ಕೈ ತೆಗೆಯಲು ಬಾರದವರು ಅದನ್ನು ಕಿಸೆಗೆ ಹಾಕುತ್ತಾರೆ, ಪಾದವನ್ನು ಹುಲ್ಲಿನಲ್ಲಿ ಮುಚ್ಚುತ್ತಾರೆ. ಬೆರಳು ಚಾಚಿದ ಕೈಯನ್ನು ಮುಖದ ಮೇಲಿಟ್ಟು ನೋಡಿ: ಗದ್ದದಿಂದ ಕೂದಲಿನ ಗಡಿಯವರೆಗೆ ಬರುತ್ತದೆ. ಹಾಳೆಯ ಮೇಲೆ ಎಲ್ಲರೂ ಅದನ್ನು ಕೂಸಿನ ಕೈ ಮಾಡಿರುತ್ತಾರೆ.

12. ವಿದ್ಯಾರ್ಥಿಯ ಹಾಳೆ ಮುಟ್ಟಬೇಡಿ

ನನ್ನ ಗುರುಗಳು ದೊಡ್ಡ ಕೈಯವರು. ಬಂದು ನಿಂತು, ನನ್ನ ಗೆರೆಯ ಮೇಲೆ ತಮ್ಮ ಗೆರೆ ಎಳೆದು, ಒಂದು ನಿಮಿಷದಲ್ಲಿ ಚಿತ್ರ ಎಬ್ಬಿಸಿ ಹೋಗುತ್ತಿದ್ದರು. ಆ ಹಾಳೆಗಳು ಇನ್ನೂ ನನ್ನ ಪೆಟ್ಟಿಗೆಯಲ್ಲಿವೆ. ಅವುಗಳಲ್ಲಿ ನನ್ನದು ಎನ್ನುವಂಥದ್ದು ಒಂದೂ ಇಲ್ಲ. ನಾನು ಹೇಳಲೇಬೇಕಾದ್ದು ಇದ್ದರೆ ಹಾಳೆಯ ಅಂಚಿನಲ್ಲಿ ಚಿಕ್ಕದಾಗಿ ತೆಗೆದು ತೋರಿಸುತ್ತೇನೆ. ಅದಕ್ಕಿಂತ ಹೆಚ್ಚಾಗಿ ಕೇಳುತ್ತೇನೆ: ಅಜ್ಜನ ಕಿವಿ ಯಾವುದರ ನೇರಕ್ಕಿದೆ? ಎರಡು ಭುಜಗಳಲ್ಲಿ ಯಾವುದು ಇಳಿದಿದೆ? ಉತ್ತರ ಅವರ ಬಾಯಿಂದ ಬಂದರೆ ತಿದ್ದುವುದು ಅವರ ಕೈಯೇ.

ಇನ್ನೊಂದನ್ನು ಬಹಳ ತಡವಾಗಿ ಕಲಿತೆ. ವಿದ್ಯಾರ್ಥಿಯ ಬೆನ್ನ ಹಿಂದೆ ನಿಂತು ನೋಡಿದರೆ ನನಗೆ ಕಾಣುವ ಅಜ್ಜ ಬೇರೆ, ಕೂತ ಅವನಿಗೆ ಕಾಣುವ ಅಜ್ಜ ಬೇರೆ. ಎಷ್ಟೋ ವರ್ಷ ಸರಿಯಾದ ಗೆರೆಗಳನ್ನು ತಪ್ಪು ಎಂದಿದ್ದೇನೆ. ಈಗ ಅವನನ್ನು ಎಬ್ಬಿಸಿ, ಅವನ ಸ್ಟೂಲಿನ ಮೇಲೆ ಕೂತು, ಒಂದು ನಿಮಿಷ ನೋಡಿದ ಮೇಲೆಯೇ ಬಾಯಿ ತೆರೆಯುತ್ತೇನೆ.

13. ಮೊಬೈಲು ಕೊನೆಗೆ ಬರಲಿ

ಅದನ್ನು ಕಸಿದುಕೊಳ್ಳುವುದಿಲ್ಲ. ಆದರೆ ಹತ್ತಿರದಿಂದ ತೆಗೆದ ಫೋಟೊದಲ್ಲಿ ಮೂಗು ಉಬ್ಬಿ ಕಿವಿ ಹಿಂದೆ ಸರಿಯುತ್ತದೆ ಎಂದು ಒಮ್ಮೆ ತೋರಿಸುತ್ತೇನೆ. ಚಿತ್ರ ಮುಗಿದ ಮೇಲೆ ಅದರ ಫೋಟೊ ತೆಗೆದು ಎಡಬಲ ತಿರುಗಿಸಿ ನೋಡಲಿ. ಅಲ್ಲಿಯವರೆಗೆ ಕಾಣದ ಓರೆ ಥಟ್ಟನೆ ಕಾಣುತ್ತದೆ. ಲಿಯೊನಾರ್ಡೊ ಇದೇ ಕೆಲಸಕ್ಕೆ ಕನ್ನಡಿ ಇಟ್ಟುಕೊಳ್ಳಲು ಹೇಳಿದ್ದ.

ಅಜ್ಜ ಈಗ ಬರುವುದಿಲ್ಲ, ಕಣ್ಣು ಮಂಜಾಗಿವೆ. ಅವರ ಸ್ಟೂಲಿನ ಮೇಲೆ ಬೇರೆಯವರು ಕೂರುತ್ತಾರೆ, ತೂಗುಗುಂಡು ಅದೇ ಮೊಳೆಗೆ ತೂಗುತ್ತಿದೆ. ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಲ್ದಾಣದಲ್ಲಿಯೋ ಸಂತೆಯಲ್ಲಿಯೋ ಪುಸ್ತಕ ಹಿಡಿದ ಹುಡುಗನೊಬ್ಬ, ಹುಡುಗಿಯೊಬ್ಬಳು ನಿಮ್ಮನ್ನು ನೋಡುತ್ತ ತಲೆ ಎತ್ತಿ ಇಳಿಸುವುದು ಕಂಡರೆ ಎರಡು ನಿಮಿಷ ಕದಲದೆ ಕೂತಿರಿ. ಆಮೇಲೆ ಹೋಗಿ ಚಿತ್ರ ತೋರಿಸು ಎಂದು ಕೇಳಿ. ತೋರಿಸದಿದ್ದರೆ ಅವರು ನಮ್ಮ ತರಗತಿಯವರಲ್ಲ.